ರೈಲ್ವೆ ಆಡಳಿತ: ನೌಕರನಿಗೆ ಮಾತುಂಟು, ಮತವಿಲ್ಲ

ದೇವನಹಳ್ಳಿ ದಾಟಿ ಚಿಕ್ಕಬಳ್ಳಾಪುರದ ಕಡೆಗೆ ಹೊರಟರೆ ಕೆಲವೇ ಕಿಲೋಮೀಟರಿನಲ್ಲಿ ಸಿಗುವ ಊರು ಆವತಿ. ಚರಿತ್ರೆ ಓದಿದವರಿಗೆ ಇದು ನಾಡಪ್ರಭುಗಳ ಮೂಲನೆಲೆ. ಬೆಂಗಳೂರು ಕಟ್ಟಿದ ಕೆಂಪೇಗೌಡರ ಪೂರ್ವಿಕರ ಕಥೆ ಶುರುವಾಗುವುದೇ ಇಲ್ಲಿಂದ. ರೈಲ್ವೆ ವೇಳಾಪಟ್ಟಿ ಬಲ್ಲವರಿಗೆ ಅದು ಯಲಹಂಕ–ಚಿಕ್ಕಬಳ್ಳಾಪುರ ಮಾರ್ಗದ ಆವತಿಹಳ್ಳಿ ನಿಲ್ದಾಣ. ಮೈಸೂರು ಸಂಸ್ಥಾನದ ಕಾಲದಲ್ಲಿ, 1915ರ ಸುಮಾರಿಗೆ, ಎರಡೂವರೆ ಅಡಿ ಅಗಲದ ಕಿರುಹಳಿಯಾಗಿ ಹುಟ್ಟಿದ ಈ ಮಾರ್ಗ ಈಗ ಬ್ರಾಡ್‌ಗೇಜ್ ಆಗಿದೆ. ವಿದ್ಯುತ್ ತಂತಿಯೂ ಬಂದಿದೆ. ಪಕ್ಕದಲ್ಲೇ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಎದ್ದು, ಅದರ ಹೆಸರಿನ ಒಂದು ಹಾಲ್ಟ್ ಕೂಡ 2021ರಲ್ಲಿ ಈ ಹಳಿಯ ಮೇಲೆ ಹುಟ್ಟಿಕೊಂಡಿತು.

ಮಾರ್ಗ ಚಿಕ್ಕದಾದರೂ ಅದನ್ನು ಕಾಯುವವರು ಬೇಕೇ ಬೇಕು. ದಿನವೂ ಹಳಿಯ ಮೇಲೆ ನಡೆದು ಕೀಲಿ, ಬೋಲ್ಟು ನೋಡುವ ಕೀಮನ್, ಜಲ್ಲಿ ಸರಿಪಡಿಸುವ ಗ್ಯಾಂಗಿನವರು, ಲೆವೆಲ್ ಕ್ರಾಸಿಂಗಿನ ಗೇಟ್‌ಮನ್, ಸ್ಟೇಷನ್ ಮಾಸ್ಟರ್, ಗಾಡಿ ಓಡಿಸುವ ಲೋಕೊ ಪೈಲಟ್ ಇವರೆಲ್ಲ ಸೇರಿದರೆ ರೈಲು. ಇವರಲ್ಲಿ ಯಾರು ಎಷ್ಟು ಗಂಟೆ ದುಡಿಯಬೇಕು ಎಂಬುದಕ್ಕೂ ಕಾನೂನಿದೆ. 1989ರ ರೈಲ್ವೆ ಕಾಯ್ದೆ ನೌಕರರನ್ನು ಕೆಲಸದ ಒತ್ತಡಕ್ಕೆ ತಕ್ಕಂತೆ ವಿಂಗಡಿಸುತ್ತದೆ. ತೀವ್ರ ಒತ್ತಡದ ಕೆಲಸಕ್ಕೆ ವಾರಕ್ಕೆ 45 ಗಂಟೆ, ನಿರಂತರ ಕೆಲಸಕ್ಕೆ 54 ಗಂಟೆ, ನಡುನಡುವೆ ಬಿಡುವಿರುವ ಕೆಲಸಕ್ಕೆ 75 ಗಂಟೆ ಮಿತಿ. ಒಂದು ಗೇಟು ಯಾವ ಪಟ್ಟಿಗೆ ಸೇರುತ್ತದೆ ಎಂಬುದರ ಮೇಲೆ ಅಲ್ಲಿ ಕೂರುವವನ ಪಾಳಿ ಎಂಟು ಗಂಟೆಯದೋ ಹನ್ನೆರಡು ಗಂಟೆಯದೋ ಎಂಬುದು ನಿಂತಿದೆ. ಅವನ ನಿದ್ದೆ, ಅವನ ಸಂಸಾರ, ಆ ಗೇಟು ದಾಟುವವರ ಜೀವ ಎಲ್ಲವೂ ಆ ವಿಂಗಡಣೆಗೆ ಗಂಟು ಬಿದ್ದಿವೆ.

ಈ ಪಟ್ಟಿ ಮಾಡುವವರು ಯಾರು? ಪಟ್ಟಿ ಮಾಡುವ ಕೊಠಡಿಯಲ್ಲಿ ಗೇಟಿನಲ್ಲಿ ಕೂತು ಬಲ್ಲವರಿಗೆ ಜಾಗವಿದೆಯೇ? ಜಗತ್ತಿನಲ್ಲೇ ಅತಿ ಹೆಚ್ಚು ಜನರಿಗೆ ಕೆಲಸ ಕೊಟ್ಟಿರುವ ಸಂಸ್ಥೆಗಳಲ್ಲಿ ಒಂದಾದ ಭಾರತೀಯ ರೈಲ್ವೆಯಲ್ಲಿ ಈ ಪ್ರಶ್ನೆಗೆ ನೂರು ವರ್ಷದ ಇತಿಹಾಸವಿದೆ. ಆ ಇತಿಹಾಸದಲ್ಲಿ ಕರ್ನಾಟಕದವರ ಪಾಲೂ ದೊಡ್ಡದು.

ಕೇಳುವುದು ಬೇರೆ, ತೀರ್ಮಾನಿಸುವುದು ಬೇರೆ

‘ಆಡಳಿತದಲ್ಲಿ ಕಾರ್ಮಿಕರ ಪಾಲು’ ಎಂಬ ಮಾತಿಗೆ ಮೂರು ಅರ್ಥಗಳಿವೆ. ಇವನ್ನು ಬಿಡಿಸಿ ನೋಡದಿದ್ದರೆ ಗೊಂದಲ. ಮೊದಲನೆಯದು ಸಂಧಾನ: ಸಂಬಳ, ಪಾಳಿ, ಬಡ್ತಿಯ ಬಗ್ಗೆ ಸಂಘ ಬೇಡಿಕೆ ಇಡುತ್ತದೆ, ಆಡಳಿತ ಉತ್ತರ ಕೊಡುತ್ತದೆ. ಎರಡನೆಯದು ಸಮಾಲೋಚನೆ: ಹೊಸ ಯೋಜನೆ ತರುವ ಮುನ್ನ ಆಡಳಿತ ನೌಕರರ ಅಭಿಪ್ರಾಯ ಕೇಳುತ್ತದೆ, ಒಪ್ಪಬೇಕೆಂಬ ಕಟ್ಟುಪಾಡು ಇಲ್ಲ. ಮೂರನೆಯದು ಸಹಭಾಗಿತ್ವ: ತೀರ್ಮಾನ ಮಾಡುವ ಮಂಡಳಿಯಲ್ಲೇ ನೌಕರರ ಪ್ರತಿನಿಧಿ ಸದಸ್ಯನಾಗಿ ಕೂತು ಮತ ಹಾಕುತ್ತಾನೆ. ಭಾರತೀಯ ರೈಲ್ವೆ ಮೊದಲನೆಯದನ್ನು ಕೊಟ್ಟಿದೆ, ಎರಡನೆಯದನ್ನೂ ಕೊಟ್ಟಿದೆ. ಮೂರನೆಯ ಮೆಟ್ಟಿಲನ್ನು ಅದು ಎಂದೂ ಹತ್ತಿಲ್ಲ. ಕೊಟ್ಟದ್ದೆಲ್ಲ ಯಾವಾಗ ಕೊಟ್ಟಿತು ಎಂಬುದನ್ನು ನೋಡಿದರೆ ಒಂದು ಕ್ರಮ ಕಾಣುತ್ತದೆ. ಸಾಮಾನ್ಯವಾಗಿ ಪ್ರತಿ ಹೆಜ್ಜೆಯ ಹಿಂದೆ ಒಂದು ಮುಷ್ಕರ ಅಥವಾ ಮುಷ್ಕರದ ಭೀತಿ ಇದೆ.

ಬ್ರಿಟಿಷರ ಕಾಲದಲ್ಲಿ ರೈಲ್ವೆ ಆಡಳಿತ ಸೈನ್ಯದ ಶಿಸ್ತಿನಂತಿತ್ತು. 1905ರಲ್ಲಿ ರೈಲ್ವೆ ಮಂಡಳಿ ರಚನೆಯಾಯಿತು. ಅದರಲ್ಲಿ ಇದ್ದವರು ಅಧಿಕಾರಿಗಳು ಮಾತ್ರ. ಬೇರೆ ಬೇರೆ ರೈಲ್ವೆಗಳ ಕಾರ್ಮಿಕ ಸಂಘಗಳು ಸೇರಿ 1924ರಲ್ಲಿ ಅಖಿಲ ಭಾರತ ರೈಲ್ವೆ ನೌಕರರ ಒಕ್ಕೂಟ, ಅಂದರೆ ಎಐಆರ್‌ಎಫ್, ಕಟ್ಟಿಕೊಂಡವು. ಕಾರ್ಮಿಕ ಸಂಘಗಳಿಗೆ ಕಾನೂನಿನ ಮನ್ನಣೆ ಸಿಕ್ಕಿದ್ದು ಅದಾದ ಎರಡು ವರ್ಷಕ್ಕೆ, 1926ರ ಕಾಯ್ದೆಯಿಂದ.

1929ರಲ್ಲಿ ಜೆ.ಎಚ್. ವ್ಹಿಟ್ಲಿ ಎಂಬುವರ ಅಧ್ಯಕ್ಷತೆಯಲ್ಲಿ ಕಾರ್ಮಿಕರ ಸ್ಥಿತಿಗತಿ ಅರಿಯಲು ರಾಯಲ್ ಕಮಿಷನ್ ಬಂತು. ಬ್ರಿಟನ್ನಿನಲ್ಲಿ ಆಡಳಿತದವರೂ ನೌಕರರೂ ಒಂದೇ ಮೇಜಿನ ಎರಡು ಬದಿಗೆ ಕೂತು ಮಾತನಾಡುವ ‘ವ್ಹಿಟ್ಲಿ ಮಂಡಳಿ’ಗಳಿಗೆ ಹೆಸರು ಕೊಟ್ಟವರು ಇವರೇ. 1931ರ ತಮ್ಮ ವರದಿಯಲ್ಲಿ ಆಯೋಗ ರೈಲ್ವೆಗೂ ಇಂಥ ಜಂಟಿ ವ್ಯವಸ್ಥೆ ಬೇಕೆಂದಿತು. ಅದು ಕೈಗೂಡಲು ಸ್ವಾತಂತ್ರ್ಯ ಬರಬೇಕಾಯಿತು.

ಮದರಾಸಿಗೆ ಹೋಗುತ್ತಿದ್ದ ಕಡತ

ಮೈಸೂರು ಸಂಸ್ಥಾನದ ರೈಲ್ವೆಯದು ಸ್ವಲ್ಪ ಬೇರೆಯೇ ದಾರಿ. ದೀರ್ಘಕಾಲ ಸದರ್ನ್ ಮರಾಠಾ ಕಂಪನಿಯ ಕೈಯಲ್ಲಿದ್ದ ತನ್ನ ಹಳಿಗಳನ್ನು ಸಂಸ್ಥಾನ 1919ರಲ್ಲಿ ಸ್ವಂತ ಆಡಳಿತಕ್ಕೆ ತೆಗೆದುಕೊಂಡಿತ್ತು. ಬೆಂಗಳೂರು, ಮೈಸೂರಿನಲ್ಲೇ ತೀರ್ಮಾನವಾಗುತ್ತಿದ್ದ ಸಂಗತಿಗಳು 1951ರ ಏಪ್ರಿಲ್ 14ರ ನಂತರ ಮದರಾಸಿಗೆ ಹೋಗತೊಡಗಿದವು. ಅಂದು ಮೈಸೂರು ರೈಲ್ವೆ, ಮದರಾಸು ಮತ್ತು ಸದರ್ನ್ ಮರಾಠಾ ರೈಲ್ವೆ, ಸೌತ್ ಇಂಡಿಯನ್ ರೈಲ್ವೆ ಮೂರೂ ಸೇರಿ ದಕ್ಷಿಣ ರೈಲ್ವೆ ಆಯಿತು. ಮುಖ್ಯ ಕಚೇರಿ ಮದರಾಸು. 2003ರ ಏಪ್ರಿಲ್ 1ರಂದು ಹುಬ್ಬಳ್ಳಿ ಕೇಂದ್ರವಾಗಿ ನೈಋತ್ಯ ರೈಲ್ವೆ ಶುರುವಾಗುವವರೆಗೂ ಬೆಂಗಳೂರು ಭಾಗದ ನೌಕರನ ಅಹವಾಲಿನ ಕಡತ ಮದರಾಸಿನ ದಾರಿಯನ್ನೇ ಹಿಡಿಯಬೇಕಿತ್ತು.

ಇದೇ ಹೊತ್ತಿಗೆ ಸಂಧಾನದ ಮೊದಲ ಖಾಯಂ ವ್ಯವಸ್ಥೆಯೂ ಬಂತು. ಸ್ವಾತಂತ್ರ್ಯದ ಆಸುಪಾಸಿನ ವರ್ಷಗಳಲ್ಲಿ ರೈಲ್ವೆ ಮುಷ್ಕರದ ಕೂಗು ಮತ್ತೆ ಮತ್ತೆ ಎದ್ದಿತ್ತು. ಎಐಆರ್‌ಎಫ್‌ನ ಅಧ್ಯಕ್ಷರಾಗಿದ್ದವರು ಜಯಪ್ರಕಾಶ ನಾರಾಯಣ್. ರೈಲ್ವೆ ಮಂಡಳಿಯೂ ಒಕ್ಕೂಟವೂ ಒಪ್ಪಂದಕ್ಕೆ ಬಂದು 1952ರ ಜನವರಿ 1ರಿಂದ ಶಾಶ್ವತ ಸಂಧಾನ ವ್ಯವಸ್ಥೆ ಜಾರಿಗೊಳಿಸಿದವು. ನೌಕರರ ಬಾಯಲ್ಲಿ ಇದು ‘ಪಿಎನ್‌ಎಂ’.

ಪಿಎನ್‌ಎಂ ಕೆಲಸ ಮಾಡುವ ರೀತಿ ಸರಳ. ಆವತಿಹಳ್ಳಿಯಂಥ ಕಡೆಯ ನೌಕರನ ದೂರು ಮೊದಲು ಸಂಘದ ಸ್ಥಳೀಯ ಶಾಖೆಗೆ ಹೋಗುತ್ತದೆ. ಶಾಖೆಯಿಂದ ವಿಭಾಗಕ್ಕೆ. ಅಲ್ಲಿ ವಿಭಾಗೀಯ ರೈಲ್ವೆ ವ್ಯವಸ್ಥಾಪಕರೂ ಸಂಘದ ಪದಾಧಿಕಾರಿಗಳೂ ನಿಗದಿತ ಅವಧಿಗೊಮ್ಮೆ ಎದುರುಬದುರು ಕೂರುತ್ತಾರೆ. ಅಲ್ಲಿ ಬಗೆಹರಿಯದ್ದು ವಲಯದ ಮಹಾ ವ್ಯವಸ್ಥಾಪಕರ ಮುಂದೆ, ಅಂದರೆ ಈಗ ಹುಬ್ಬಳ್ಳಿಗೆ, ಬರುತ್ತದೆ. ಅಲ್ಲಿಯೂ ಆಗದ್ದು ದೆಹಲಿಯ ರೈಲ್ವೆ ಮಂಡಳಿಗೆ. ಮಂಡಳಿಯ ಮುಂದೆ ಕೂರುವವರು ಅಖಿಲ ಭಾರತ ಒಕ್ಕೂಟದ ನಾಯಕರು. ಅದಕ್ಕೂ ಮೀರಿದ ವಿವಾದಕ್ಕೆ ತಾತ್ಕಾಲಿಕ ನ್ಯಾಯಮಂಡಳಿ. 1969ರಲ್ಲಿ ನ್ಯಾಯಮೂರ್ತಿ ಮಿಯಾಭಾಯ್ ಅವರ ರೈಲ್ವೆ ಕಾರ್ಮಿಕ ನ್ಯಾಯಮಂಡಳಿ ರಚನೆಯಾದದ್ದು ಹೀಗೆಯೇ. ಕೆಲಸದ ಗಂಟೆಗಳ ಪ್ರಶ್ನೆಯನ್ನು ಅದು ವಿಚಾರಿಸಿತು.

ಈ ವ್ಯವಸ್ಥೆಯ ಲಾಭವನ್ನು ಅಲ್ಲಗಳೆಯುವಂತಿಲ್ಲ. ಕ್ವಾರ್ಟರ್ಸ್ ಸೋರುವುದರಿಂದ ಹಿಡಿದು ಬಡ್ತಿಯ ನಿಯಮದವರೆಗೆ ಸಾವಿರಾರು ಸಂಗತಿಗಳು ಕೋರ್ಟಿನ ಮೆಟ್ಟಿಲು ಹತ್ತದೆ ಇಲ್ಲಿ ತೀರುತ್ತವೆ. ಆದರೆ ಎರಡು ಕೊರತೆಗಳು ಮೊದಲಿನಿಂದಲೂ ಇದ್ದವು. ಒಂದು, ಮೇಜಿನ ಬಳಿ ಕೂರುವ ಹಕ್ಕು ಮಾನ್ಯತೆ ಪಡೆದ ಸಂಘಕ್ಕೆ ಮಾತ್ರ. ಎರಡು, ಒಪ್ಪಿಗೆ ಆಗದಿದ್ದರೆ ಕೊನೆಯ ಮಾತು ಆಡಳಿತದ್ದೇ.

ರಾಜಭವನದಲ್ಲಿದ್ದ ಕಾರ್ಮಿಕ ನಾಯಕ

1960ರ ಜುಲೈನಲ್ಲಿ ಎರಡನೇ ವೇತನ ಆಯೋಗದ ಶಿಫಾರಸುಗಳಿಂದ ನಿರಾಶರಾದ ಕೇಂದ್ರ ಸರ್ಕಾರಿ ನೌಕರರು ದೇಶದಾದ್ಯಂತ ಮುಷ್ಕರ ಹೂಡಿದರು. ರೈಲ್ವೆಯವರೂ ಅದರಲ್ಲಿದ್ದರು. ಐದು ದಿನಗಳಲ್ಲಿ ಮುಷ್ಕರ ಮುರಿಯಿತು. ಸಂಘಗಳ ಮಾನ್ಯತೆ ಹೋಯಿತು. ಆದರೆ ನೌಕರರ ಜೊತೆ ಮಾತನಾಡಲು ಗಟ್ಟಿಯಾದ ವೇದಿಕೆ ಬೇಕೆಂಬ ಪಾಠವನ್ನು ಸರ್ಕಾರ ಕಲಿಯಿತು. ಅದರ ಫಲ 1966ರ ಅಕ್ಟೋಬರ್ 28ರಂದು ಆರಂಭವಾದ ಜಂಟಿ ಸಮಾಲೋಚನಾ ವ್ಯವಸ್ಥೆ, ಜೆಸಿಎಂ. ವ್ಹಿಟ್ಲಿ ಮಂಡಳಿಯ ಮಾದರಿ ಕೊನೆಗೂ ಬಂದಿತ್ತು. ಸಂಬಳ-ಭತ್ಯೆ, ವಾರದ ಕೆಲಸದ ಗಂಟೆ, ರಜೆ ಈ ಮೂರರಲ್ಲಿ ಒಮ್ಮತ ಮೂಡದಿದ್ದರೆ ಮಧ್ಯಸ್ಥಿಕೆಗೆ ಒಪ್ಪಿಸುವ ಅವಕಾಶ ಇದರಲ್ಲಿತ್ತು.

ಆ ವರ್ಷ ಬೆಂಗಳೂರಿನ ರಾಜಭವನದಲ್ಲಿ ಮೈಸೂರು ರಾಜ್ಯಪಾಲರಾಗಿದ್ದವರು ವಿ.ವಿ. ಗಿರಿ. ಬಂಗಾಳ–ನಾಗಪುರ ರೈಲ್ವೆಯ ಕಾರ್ಮಿಕರನ್ನು ಸಂಘಟಿಸಿ, ಎಐಆರ್‌ಎಫ್ ಕಟ್ಟಿದವರಲ್ಲಿ ಒಬ್ಬರಾಗಿದ್ದವರು ಅವರು. ಕೇಂದ್ರದ ಕಾರ್ಮಿಕ ಸಚಿವರಾಗಿದ್ದಾಗ ಬ್ಯಾಂಕ್ ನೌಕರರ ವಿಷಯದಲ್ಲಿ ಸರ್ಕಾರದೊಂದಿಗೆ ಭಿನ್ನಾಭಿಪ್ರಾಯ ಬಂದು 1954ರಲ್ಲಿ ರಾಜೀನಾಮೆ ಕೊಟ್ಟಿದ್ದರು. ಕೈಗಾರಿಕಾ ವಿವಾದಗಳು ನ್ಯಾಯಾಲಯಕ್ಕಿಂತ ಮೊದಲು ಮಾತಿನ ಮೇಜಿನಲ್ಲಿ ತೀರಬೇಕೆಂಬ ಅವರ ನಿಲುವಿಗೆ ‘ಗಿರಿ ವಿಧಾನ’ ಎಂಬ ಹೆಸರೇ ಬಿದ್ದಿತ್ತು.

ಹೊಸ ಮೇಜಿನ ಮಿತಿ ಎರಡೇ ವರ್ಷದಲ್ಲಿ ಗೊತ್ತಾಯಿತು. ಜೀವನಾವಶ್ಯಕತೆಗೆ ತಕ್ಕ ಕನಿಷ್ಠ ವೇತನದ ಬೇಡಿಕೆಯನ್ನು ಮಧ್ಯಸ್ಥಿಕೆಗೆ ಒಪ್ಪಿಸಲು ಸರ್ಕಾರ ನಿರಾಕರಿಸಿತು. 1968ರ ಸೆಪ್ಟೆಂಬರ್ 19ರಂದು ನೌಕರರು ಒಂದು ದಿನದ ಮುಷ್ಕರಕ್ಕೆ ಇಳಿದರು. ಯಾವುದನ್ನು ಮಧ್ಯಸ್ಥಿಕೆಗೆ ಬಿಡಬೇಕು ಎಂಬುದೂ ಆಡಳಿತದ ಮರ್ಜಿಯೇ ಆದರೆ ಮೇಜು ಇದ್ದೂ ಏನು ಫಲ ಎಂಬ ಪ್ರಶ್ನೆ ಆಗಲೇ ಎದ್ದಿತ್ತು.

1974: ಮೇಜಿನಿಂದ ಹಳಿಗೆ

1970ರ ಹೊತ್ತಿಗೆ ಎಂಜಿನ್ ಚಾಲಕರು ಮಾನ್ಯತೆ ಪಡೆದ ದೊಡ್ಡ ಸಂಘಗಳಿಂದ ದೂರ ಸರಿದು ತಮ್ಮದೇ ಸಂಘ ಮಾಡಿಕೊಂಡಿದ್ದರು. ಉಗಿ ಎಂಜಿನ್ನಿನ ಬೆಂಕಿಯ ಮುಂದೆ ಹದಿನಾಲ್ಕು, ಹದಿನಾರು ಗಂಟೆ ನಿಲ್ಲುವವರ ನೋವು ತಮ್ಮ ಪ್ರತಿನಿಧಿಗಳಿಗೇ ಕೇಳಿಸುತ್ತಿಲ್ಲ ಎಂಬುದು ಅವರ ಸಿಟ್ಟು. ಪಿಎನ್‌ಎಂ ಮೇಜಿನಲ್ಲಿ ಅವರಿಗೆ ಜಾಗವಿರಲಿಲ್ಲ. 1973ರಲ್ಲಿ ಅವರು ಗಾಡಿ ನಿಲ್ಲಿಸಿದಾಗಲೇ ಹತ್ತು ಗಂಟೆಯ ಪಾಳಿಯ ಭರವಸೆ ಸಿಕ್ಕಿದ್ದು. ಮೇಜಿನ ಬಳಿ ಸಿಗದದ್ದು ಹಳಿಯ ಮೇಲೆ ಸಿಕ್ಕಿತು ಎಂಬ ಸಂದೇಶ ಉಳಿದ ನೌಕರರಿಗೂ ಮುಟ್ಟಿತು.

ಅದೇ ವರ್ಷ ಎಐಆರ್‌ಎಫ್‌ನ ಅಧ್ಯಕ್ಷರಾಗಿ ಆಯ್ಕೆಯಾದವರು ಜಾರ್ಜ್ ಫರ್ನಾಂಡಿಸ್. 1930ರಲ್ಲಿ ಮಂಗಳೂರಿನಲ್ಲಿ ಹುಟ್ಟಿ, ಪಾದ್ರಿಯಾಗಲೆಂದು ಬೆಂಗಳೂರಿನ ಸೇಂಟ್ ಪೀಟರ್ಸ್ ಸೆಮಿನರಿ ಸೇರಿ, ಅದನ್ನು ಬಿಟ್ಟು ಮುಂಬಯಿಗೆ ಹೋಗಿ ಕಾರ್ಮಿಕ ನಾಯಕರಾದವರು. 1974ರ ಫೆಬ್ರುವರಿಯಲ್ಲಿ ಬೇರೆ ಬೇರೆ ಸಂಘಗಳೆಲ್ಲ ಸೇರಿ ರಾಷ್ಟ್ರೀಯ ಸಮನ್ವಯ ಸಮಿತಿ ರಚಿಸಿಕೊಂಡವು. ಎಂಟು ಗಂಟೆಯ ಕೆಲಸ, ಬೋನಸ್, ಸಾರ್ವಜನಿಕ ಉದ್ದಿಮೆಗಳ ನೌಕರರಿಗೆ ಸಮನಾದ ವೇತನ ಮುಖ್ಯ ಬೇಡಿಕೆಗಳು. ಮಾತುಕತೆ ನಡೆಯುತ್ತಿರುವಾಗಲೇ ಮೇ 2ರಂದು ಫರ್ನಾಂಡಿಸ್ ಬಂಧನವಾಯಿತು. ಮೇ 8ರಂದು ಮುಷ್ಕರ ಆರಂಭ. ಸುಮಾರು 17 ಲಕ್ಷ ನೌಕರರ ಮುಷ್ಕರವೆಂದೇ ಅದು ಇತಿಹಾಸದಲ್ಲಿ ದಾಖಲಾಗಿದೆ. ಸಾವಿರಾರು ಜನರ ಬಂಧನವಾಯಿತು. ವಿಚಾರಣೆಯನ್ನೇ ನಡೆಸದೆ ಕೆಲಸದಿಂದ ತೆಗೆಯಲು ಅವಕಾಶವಿರುವ ಶಿಸ್ತು ನಿಯಮವನ್ನು ಆಡಳಿತ ಧಾರಾಳವಾಗಿ ಬಳಸಿತು. ಕ್ವಾರ್ಟರ್ಸಿನಿಂದ ಸಂಸಾರಗಳನ್ನು ಹೊರಹಾಕಲಾಯಿತು. ಇಪ್ಪತ್ತು ದಿನಗಳ ನಂತರ, ಮೇ 27ರಂದು, ಯಾವ ಬೇಡಿಕೆಯೂ ಈಡೇರದೆ ಮುಷ್ಕರ ಹಿಂತೆಗೆಯಲಾಯಿತು. ಆಗ ರಾಷ್ಟ್ರಪತಿ ಸ್ಥಾನದಲ್ಲಿದ್ದವರು ಅದೇ ವಿ.ವಿ. ಗಿರಿ ಎಂಬುದು ಚರಿತ್ರೆಯ ವಿಪರ್ಯಾಸ.

ಸೋತ ಮುಷ್ಕರದ ಫಲ ತಡವಾಗಿ ಬಂತು. 1977ರಲ್ಲಿ ಜನತಾ ಸರ್ಕಾರ ಬಂದಾಗ ರೈಲ್ವೆ ಸಚಿವ ಮಧು ದಂಡವತೆ ಕೆಲಸ ಕಳೆದುಕೊಂಡವರನ್ನು ಮರಳಿ ಸೇರಿಸಿಕೊಂಡರು. 1979-80ರಿಂದ ಉತ್ಪಾದಕತೆಗೆ ತಳುಕು ಹಾಕಿದ ಬೋನಸ್ ರೈಲ್ವೆಗೆ ಬಂತು. ಕೇಂದ್ರ ಸರ್ಕಾರದ ಇಲಾಖಾ ಉದ್ದಿಮೆಗಳಲ್ಲಿ ಇದನ್ನು ಮೊದಲು ಪಡೆದವರು ರೈಲ್ವೆ ನೌಕರರೇ. ಈಗ ಪ್ರತಿ ದಸರೆಯ ಹೊತ್ತಿಗೆ ಬರುವ ಬೋನಸ್ ಸುದ್ದಿಯ ಬೇರು ಆ ಇಪ್ಪತ್ತು ದಿನಗಳಲ್ಲಿದೆ.

ಸಂವಿಧಾನ ಹೇಳಿದ್ದು, ಸಂಸತ್ತು ಮಾಡದ್ದು

ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ರ 42ನೇ ತಿದ್ದುಪಡಿಯಿಂದ, ಸಂವಿಧಾನಕ್ಕೆ 43ಎ ಎಂಬ ವಿಧಿ ಸೇರಿತು. ಕೈಗಾರಿಕೆಗಳ ಆಡಳಿತದಲ್ಲಿ ಕಾರ್ಮಿಕರು ಪಾಲ್ಗೊಳ್ಳುವಂತೆ ಸರ್ಕಾರ ಕಾನೂನಿನ ಮೂಲಕವೋ ಬೇರೆ ರೀತಿಯಲ್ಲೋ ಕ್ರಮ ಕೈಗೊಳ್ಳಬೇಕು ಎನ್ನುತ್ತದೆ ಅದು. ಮುಷ್ಕರ ಮಾಡಿದವರನ್ನು ಜೈಲಿಗೆ ಅಟ್ಟಿದ್ದ ಸರ್ಕಾರವೇ ಈ ವಿಧಿಯನ್ನು ತಂದಿತೆಂಬುದು ಗಮನಾರ್ಹ. ಆದರೆ ಇದು ರಾಜ್ಯನೀತಿಯ ನಿರ್ದೇಶಕ ತತ್ವ. ಕೋರ್ಟಿಗೆ ಹೋಗಿ ಕೇಳಿ ಪಡೆಯುವಂಥದ್ದಲ್ಲ.

1989ರ ಡಿಸೆಂಬರಿನಲ್ಲಿ ವಿ.ಪಿ. ಸಿಂಗ್ ಸರ್ಕಾರದಲ್ಲಿ ಜಾರ್ಜ್ ಫರ್ನಾಂಡಿಸ್ ರೈಲ್ವೆ ಸಚಿವರಾದರು. ಹದಿನೈದು ವರ್ಷದ ಹಿಂದೆ ರೈಲು ನಿಲ್ಲಿಸಿದವರ ಕೈಗೆ ರೈಲ್ವೆಯ ಲಗಾಮು ಬಂದಿತ್ತು. 1990ರ ಮೇ ತಿಂಗಳಲ್ಲಿ ಆ ಸರ್ಕಾರ ಆಡಳಿತದಲ್ಲಿ ಕಾರ್ಮಿಕರ ಸಹಭಾಗಿತ್ವದ ಮಸೂದೆಯನ್ನು ರಾಜ್ಯಸಭೆಯಲ್ಲಿ ಮಂಡಿಸಿತು. ಕೆಲಸದ ಸ್ಥಳದಲ್ಲಿ, ಇಡೀ ಸ್ಥಾವರದಲ್ಲಿ ಮತ್ತು ಆಡಳಿತ ಮಂಡಳಿಯಲ್ಲಿ ಹೀಗೆ ಮೂರು ಹಂತದಲ್ಲಿ ಕಾರ್ಮಿಕರಿಗೆ ಪ್ರಾತಿನಿಧ್ಯ ಕೊಡುವುದು ಅದರ ಉದ್ದೇಶ. ಅದೇ ವರ್ಷದ ನವೆಂಬರಿನಲ್ಲಿ ಸರ್ಕಾರ ಬಿತ್ತು. ಫರ್ನಾಂಡಿಸ್ ಅವಧಿಯಿಂದ ಕೊಂಕಣ ರೈಲ್ವೆ ನಿಗಮ ಉಳಿಯಿತು, ಮಸೂದೆ ಕಾಯ್ದೆಯಾಗಲಿಲ್ಲ. ಆಮೇಲೆ ಬಂದ ಸರ್ಕಾರಗಳ ಗಮನ ಉದಾರೀಕರಣದ ಕಡೆ ಹೊರಳಿತು.

ಮಸೂದೆಯ ಬದಲಿಗೆ ರೈಲ್ವೆಗೆ ಸಿಕ್ಕಿದ್ದು ಒಂದು ಯೋಜನೆ. ಕರ್ನಾಟಕದ ಸಿ.ಕೆ. ಜಾಫರ್ ಷರೀಫ್ ರೈಲ್ವೆ ಸಚಿವರಾಗಿದ್ದ 1994ರಲ್ಲಿ ‘ಆಡಳಿತದಲ್ಲಿ ರೈಲ್ವೆ ನೌಕರರ ಸಹಭಾಗಿತ್ವ’ ಎಂಬ ವ್ಯವಸ್ಥೆ ಬಂತು. ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ರೈಲ್ವೆಯವರು ಇದನ್ನು ‘ಪ್ರೇಮ್’ ಎನ್ನುತ್ತಾರೆ. ಅದಕ್ಕೂ ಮುಂಚೆ ಇದ್ದ ‘ಕಾರ್ಪೊರೇಟ್ ಎಂಟರ್‌ಪ್ರೈಸ್ ಗ್ರೂಪ್’ ಎಂಬ ಏರ್ಪಾಟಿನ ಜಾಗದಲ್ಲಿ ಇದು ನಿಂತಿತು. ಮಂಡಳಿ, ವಲಯ, ವಿಭಾಗಗಳಲ್ಲಿ ಅಧಿಕಾರಿಗಳು, ಎಐಆರ್‌ಎಫ್ ಹಾಗೂ ಎನ್‌ಎಫ್‌ಐಆರ್ ಎಂಬ ಎರಡು ಒಕ್ಕೂಟಗಳವರು, ಅಧಿಕಾರಿಗಳ ಸಂಘದವರು ಒಟ್ಟಿಗೆ ಕೂತು ಕಾರ್ಯಕ್ಷಮತೆ, ಸುರಕ್ಷತೆ, ಹೂಡಿಕೆ, ನೌಕರರ ಕಲ್ಯಾಣದ ಬಗ್ಗೆ ಚರ್ಚಿಸುತ್ತಾರೆ. ಬೇಡಿಕೆಪಟ್ಟಿ ಹಿಡಿದು ಕೂರುವ ಪಿಎನ್‌ಎಂಗಿಂತ ಇದು ಭಿನ್ನ. ಹೆಸರಿನಲ್ಲಿ ‘ಸಹಭಾಗಿತ್ವ’ ಇದ್ದರೂ ವ್ಯವಸ್ಥೆ ಸಲಹೆಯದೇ. ಇಲ್ಲಿ ಮತದಾನ ಇಲ್ಲ. ಇಲ್ಲಿ ಆಡಿದ ಮಾತು ಮಂಡಳಿಯನ್ನು ಕಟ್ಟಿಹಾಕುವುದಿಲ್ಲ.

ಬ್ಯಾಂಕಿಗೆ ಉಂಟು, ರೈಲಿಗೆ ಇಲ್ಲ

ಸರ್ಕಾರಿ ಸಂಸ್ಥೆಯ ಮಂಡಳಿಯಲ್ಲಿ ನೌಕರನಿಗೆ ಕುರ್ಚಿ ಕೊಡುವುದು ಭಾರತದಲ್ಲಿ ಕೇಳರಿಯದ ಸಂಗತಿಯೇನಲ್ಲ. ಕರ್ನಾಟಕದ ಕರಾವಳಿಯಲ್ಲಿ ಹುಟ್ಟಿದ ಕೆನರಾ ಬ್ಯಾಂಕ್, ಸಿಂಡಿಕೇಟ್ ಬ್ಯಾಂಕ್ ಸೇರಿದಂತೆ 14 ಬ್ಯಾಂಕುಗಳು 1969ರಲ್ಲಿ ರಾಷ್ಟ್ರೀಕರಣಗೊಂಡವು. 1970ರ ನಿಯಮಗಳ ಪ್ರಕಾರ ಇಂಥ ಬ್ಯಾಂಕಿನ ನಿರ್ದೇಶಕ ಮಂಡಳಿಯಲ್ಲಿ ನೌಕರರ ಪೈಕಿ ಒಬ್ಬ ನಿರ್ದೇಶಕ ಇರಬೇಕು. ಕೌಂಟರಿನಲ್ಲಿ ಕೂರುವ ಗುಮಾಸ್ತನೊಬ್ಬ ಕೋಟ್ಯಂತರ ರೂಪಾಯಿಯ ಸಾಲ ಮಂಜೂರಾತಿಯ ಸಭೆಯಲ್ಲಿ ಸಮಾನ ಸದಸ್ಯನಾಗಿ ಕೂತದ್ದುಂಟು. 2014ರ ನಂತರದ ವರ್ಷಗಳಲ್ಲಿ ಈ ಸ್ಥಾನಗಳು ಬಹುಕಾಲ ಖಾಲಿ ಉಳಿದು, ಭರ್ತಿ ಮಾಡಿ ಎಂದು ಬ್ಯಾಂಕ್ ಸಂಘಗಳು ಒತ್ತಾಯಿಸಬೇಕಾಗಿ ಬಂತು. ಹಾಗಿದ್ದೂ ಕಾನೂನಿನಲ್ಲಿ ಕುರ್ಚಿ ಇದೆ. ರೈಲ್ವೆಯಲ್ಲಿ ಕುರ್ಚಿಯೇ ಇಲ್ಲ.

ಕಾರಣ ರೈಲ್ವೆಯ ಸ್ವರೂಪದಲ್ಲಿದೆ. ಬ್ಯಾಂಕು ಪ್ರತ್ಯೇಕ ಸಂಸ್ಥೆ, ರೈಲ್ವೆ ಸರ್ಕಾರದ ಇಲಾಖೆ. ರೈಲ್ವೆ ಮಂಡಳಿ ಕಂಪನಿಯ ನಿರ್ದೇಶಕ ಮಂಡಳಿಯಲ್ಲ, ಅದು ಸಚಿವಾಲಯವೇ. ಸಂಸತ್ತಿಗೆ ಉತ್ತರ ಹೇಳುವ ಸಚಿವನ ಕೈಕೆಳಗೆ ನೌಕರ ಸಂಘದ ಪ್ರತಿನಿಧಿಯನ್ನು ಕೂರಿಸುವುದು ಹೇಗೆ ಎಂಬುದು ಅಧಿಕಾರಿಗಳ ವಾದ.

ಬೇರೆ ದೇಶಗಳು ಈ ಗಂಟನ್ನು ಬೇರೆ ಬೇರೆ ರೀತಿ ಬಿಡಿಸಲು ನೋಡಿವೆ. 1938ರಲ್ಲಿ ಫ್ರಾನ್ಸ್ ತನ್ನ ರೈಲ್ವೆಗಳನ್ನೆಲ್ಲ ಒಂದುಗೂಡಿಸಿದಾಗ 33 ಜನರ ಮಂಡಳಿಯಲ್ಲಿ ನಾಲ್ಕು ಸ್ಥಾನ ನೌಕರರಿಗೆ ಕೊಟ್ಟಿತು. ಅದೇ ವರ್ಷದ ಮೇ 1ರಂದು ಮೆಕ್ಸಿಕೊದ ಅಧ್ಯಕ್ಷ ಲಾಸಾರೊ ಕಾರ್ದೆನಾಸ್ ಇನ್ನೂ ಮುಂದೆ ಹೋಗಿ ಇಡೀ ರಾಷ್ಟ್ರೀಯ ರೈಲ್ವೆಯ ಆಡಳಿತವನ್ನೇ ಕಾರ್ಮಿಕ ಸಂಘಕ್ಕೆ ಒಪ್ಪಿಸಿದರು. ಸವೆದ ಹಳಿ, ಹಳೆಯ ಎಂಜಿನ್, ಹಳೆಯ ಸಾಲ ಎಲ್ಲವೂ ಅದರ ಜೊತೆಗೇ ಬಂದವು. ಸರಕು ದರ ಏರಿಸುವ ಸ್ವಾತಂತ್ರ್ಯ ಮಾತ್ರ ಬರಲಿಲ್ಲ. ಸಂಬಳ ಕೇಳಬೇಕಾದ ಸಂಘವೇ ಸಂಬಳ ಕೊಡಬೇಕಾದ ಇಕ್ಕಟ್ಟಿಗೆ ಸಿಕ್ಕಿತು. 1940ರಲ್ಲಿ ಪ್ರಯೋಗ ಮುಗಿಯಿತು. ಜರ್ಮನಿಯದು ನಡುವಿನ ದಾರಿ. ನಮ್ಮಲ್ಲಿ ‘ಪ್ರೇಮ್’ ಹುಟ್ಟಿದ 1994ರಲ್ಲೇ ಅಲ್ಲಿ ಪೂರ್ವ, ಪಶ್ಚಿಮ ಜರ್ಮನಿಗಳ ರೈಲ್ವೆ ಸೇರಿ ಡಾಯ್ಚ ಬಾನ್ ಕಂಪನಿಯಾಯಿತು. ಅದರ ಮೇಲ್ವಿಚಾರಣಾ ಮಂಡಳಿಯ 20 ಸದಸ್ಯರಲ್ಲಿ ಅರ್ಧ ಜನ ನೌಕರರ ಪ್ರತಿನಿಧಿಗಳು. ಮತ ಸಮವಾದರೆ ಅಧ್ಯಕ್ಷನ ನಿರ್ಣಾಯಕ ಮತ ಇದೆ. ಹಾಗೆಂದು ಅಲ್ಲಿ ಮುಷ್ಕರಗಳು ನಿಂತಿಲ್ಲ. ಆದರೆ ಕಂಪನಿಯ ಲೆಕ್ಕ, ಯೋಜನೆ ನೌಕರರಿಗೆ ಮೊದಲೇ ಗೊತ್ತಿರುತ್ತದೆ.

ಮೆಕ್ಸಿಕೊದ ಅನುಭವ ಹೇಳುವ ಎಚ್ಚರಿಕೆಯನ್ನು ತಳ್ಳಿಹಾಕುವಂತಿಲ್ಲ. ಮಂಡಳಿಯಲ್ಲಿ ಕೂತ ಕಾರ್ಮಿಕ ನಾಯಕ ಹುದ್ದೆ ಕಡಿತದ ತೀರ್ಮಾನಕ್ಕೆ ಸಹಿ ಹಾಕಿ ಬಂದು ತನ್ನವರಿಗೆ ಏನು ಹೇಳಬೇಕು? ಈ ಇಬ್ಬಂದಿತನಕ್ಕೆ ಹೆದರಿ ಕುರ್ಚಿಯೇ ಬೇಡ ಎನ್ನುವ ಸಂಘದವರೂ ಹಲವು ದೇಶಗಳಲ್ಲಿದ್ದಾರೆ.

ಬೆಂಗಳೂರಿನ ಒಂದು ಆದೇಶ

ತೀರ್ಮಾನದ ಜಾಗದಲ್ಲಿ ನೌಕರ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರಿನಲ್ಲೇ ಒಂದು ಉದಾಹರಣೆ ಇದೆ. ಗಾಡಿ ಓಡಿಸುವವರಿಗೆ ಪ್ರತಿ ಪಾಳಿಯ ನಂತರ ಊರಿನಲ್ಲಿ 16 ಗಂಟೆಯ ವಿಶ್ರಾಂತಿ ಉಂಟು. ವಾರದ ವಿಶ್ರಾಂತಿಯ 30 ಗಂಟೆ ಈ 16ರ ಜೊತೆಗೋ ಅಥವಾ ಇದನ್ನೂ ಒಳಗೊಂಡೋ ಎಂಬುದು ಜಗಳ. ಎರಡೂ ಕೂಡಿದರೆ 46 ಗಂಟೆ. ಒಳಗೊಂಡರೆ 30 ಮಾತ್ರ. ಹೊರಗಿನವರಿಗೆ ಇದು ಕೂಡಿಸುವ ಕಳೆಯುವ ಲೆಕ್ಕ. ರಾತ್ರಿಯಿಡೀ ಸಿಗ್ನಲ್ ನೋಡುತ್ತಾ ನೂರಾರು ಪ್ರಯಾಣಿಕರನ್ನು ಹೊತ್ತು ತರುವವನಿಗೆ ಇದು ವಾರಕ್ಕೊಂದು ಪೂರ್ತಿ ನಿದ್ದೆಯ ಪ್ರಶ್ನೆ.

2001ರಲ್ಲಿ ಬೆಂಗಳೂರಿನ ಕೇಂದ್ರ ಪ್ರಾದೇಶಿಕ ಕಾರ್ಮಿಕ ಆಯುಕ್ತರು ಎರಡನ್ನೂ ಕೂಡಿಸಿಯೇ ಕೊಡಬೇಕೆಂದು ಹೇಳಿದರು. ವಿವಾದ ಕರ್ನಾಟಕ ಹೈಕೋರ್ಟಿನವರೆಗೂ ಹೋಯಿತು. ಅಲ್ಲಿಯೂ ನೌಕರರ ಪರವಾದ ನಿಲುವೇ ಬಂತು. ಆದರೂ 2024ರ ಜೂನ್‌ನಲ್ಲಿ ದಕ್ಷಿಣ ರೈಲ್ವೆಯ ಲೋಕೊ ಪೈಲಟ್‌ಗಳು ಅದೇ 46 ಗಂಟೆಗಾಗಿ ಪ್ರತಿಭಟನೆಗೆ ಇಳಿಯಬೇಕಾಯಿತು. 1973ರಲ್ಲಿ ಪಾಳಿಯ ಗಂಟೆಗಾಗಿ ಜಗಳ ಮಾಡಿದವರ ಉತ್ತರಾಧಿಕಾರಿಗಳು ಅರ್ಧ ಶತಮಾನದ ನಂತರ ವಿಶ್ರಾಂತಿಯ ಗಂಟೆಗಾಗಿ ನಿಂತಿದ್ದರು. ಈಗಲೂ ಅವರ ವರ್ಗದ ಸಂಘಕ್ಕೆ ಮಾನ್ಯತೆಯ ಮೇಜಿನಲ್ಲಿ ಪ್ರತ್ಯೇಕ ಸ್ಥಾನವಿಲ್ಲ.

ಪ್ರತಿನಿಧಿ ಯಾರು?

ಯಾವ ಸಂಘಕ್ಕೆ ಮಾನ್ಯತೆ ಎಂಬ ಪ್ರಶ್ನೆಗೂ ಬಹುಕಾಲ ನೌಕರರನ್ನು ಕೇಳಿರಲಿಲ್ಲ. ಸದಸ್ಯತ್ವದ ಪುಸ್ತಕ ನೋಡಿ ಆಡಳಿತವೇ ಮಾನ್ಯತೆ ಕೊಡುತ್ತಿತ್ತು. ಗುಪ್ತ ಮತದಾನ ಮೊದಲ ಬಾರಿ ನಡೆದದ್ದು 2007ರಲ್ಲಿ. ಎರಡನೆಯದು 2013ರಲ್ಲಿ. ಮೂರನೆಯದಕ್ಕೆ ಹನ್ನೊಂದು ವರ್ಷ ಕಾಯಬೇಕಾಯಿತು: 2024ರ ಡಿಸೆಂಬರ್ 4ರಿಂದ 6ರವರೆಗೆ ದೇಶದಾದ್ಯಂತ ಸುಮಾರು 12 ಲಕ್ಷ ನೌಕರರಿಗೆ ಮತದಾನದ ಹಕ್ಕಿತ್ತು. ಹುಬ್ಬಳ್ಳಿಯ ಕಾರ್ಯಾಗಾರದಿಂದ ಹಿಡಿದು ಹಳ್ಳಿ ನಿಲ್ದಾಣಗಳವರೆಗೆ ನೌಕರರು ಸರದಿಯಲ್ಲಿ ನಿಂತು ಮತ ಹಾಕಿದರು. ಇದು ದೊಡ್ಡ ಸುಧಾರಣೆ. ಆದರೆ ಮತದಾರರ ಪಟ್ಟಿಯಲ್ಲಿ ಇದ್ದವರು ಖಾಯಂ ನೌಕರರು. ನಿಲ್ದಾಣ ಗುಡಿಸುವ, ಬೋಗಿ ತೊಳೆಯುವ, ಕಂಬಳಿ ಹಂಚುವ ಗುತ್ತಿಗೆ ಕಾರ್ಮಿಕರು ಆ ಪಟ್ಟಿಯಲ್ಲಿಲ್ಲ. ರೈಲ್ವೆಯ ಕೆಲಸ ಹೆಚ್ಚು ಹೆಚ್ಚು ಗುತ್ತಿಗೆಗೆ ಹೋದಂತೆ ‘ನೌಕರರ ಪ್ರತಿನಿಧಿ’ ಎಂಬ ಮಾತಿನ ವ್ಯಾಪ್ತಿಯೂ ಕುಗ್ಗುತ್ತಿದೆ.

ಸಮಾಲೋಚನೆಯಿಂದ ಏನೂ ಆಗುವುದಿಲ್ಲ ಎನ್ನುವುದೂ ಸರಿಯಲ್ಲ. 2004ರ ಜನವರಿಯ ನಂತರ ಸೇರಿದವರಿಗೆ ಹಳೆಯ ಪಿಂಚಣಿ ಇಲ್ಲವಾಗಿತ್ತು. ಇಪ್ಪತ್ತು ವರ್ಷ ನೌಕರರ ಸಂಘಗಳು ಆ ಪ್ರಶ್ನೆಯನ್ನು ಬಿಡಲಿಲ್ಲ. 2024ರ ಆಗಸ್ಟ್ 24ರಂದು ಕೇಂದ್ರ ಸರ್ಕಾರ ಏಕೀಕೃತ ಪಿಂಚಣಿ ಯೋಜನೆ ಪ್ರಕಟಿಸಿದ ದಿನವೇ ಪ್ರಧಾನಿ ಜೆಸಿಎಂನ ನೌಕರ ಪಕ್ಷದ ನಾಯಕರನ್ನು ಕರೆದು ಮಾತನಾಡಿದರು. ಸಂಘಗಳು ಕೇಳಿದ್ದೆಲ್ಲ ಅದರಲ್ಲಿ ಇರಲಿಲ್ಲ. ಆದರೆ ಖಾತ್ರಿ ಪಿಂಚಣಿ ಮರಳಿ ಬಂತು. ತಾಳ್ಮೆಯಿಂದ ಆಡಿದ ಮಾತಿಗೂ ಬೆಲೆಯಿದೆ ಎಂಬುದಕ್ಕೆ ಇದು ಸಾಕ್ಷಿ.

ಹಾಗಿದ್ದರೆ ಮೂರನೆಯ ಮೆಟ್ಟಿಲು ಬೇಕೇ? ರೈಲ್ವೆ ಮಂಡಳಿಯೇನೂ ಬದಲಾಗದ ಕಲ್ಲಲ್ಲ. 2019ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟ ಅದನ್ನು ಪುನರ್ರಚಿಸಿ, ಅಧ್ಯಕ್ಷರನ್ನೇ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಯನ್ನಾಗಿಸಿ, ನಾಲ್ಕು ಸದಸ್ಯರಿಗೆ ಇಳಿಸಿತು. ಜೊತೆಗೆ ಉದ್ಯಮ, ಹಣಕಾಸು, ಅರ್ಥಶಾಸ್ತ್ರ, ನಿರ್ವಹಣೆಯಲ್ಲಿ 30 ವರ್ಷದ ಅನುಭವವಿರುವ ಸ್ವತಂತ್ರ ಸದಸ್ಯರನ್ನು ತೆಗೆದುಕೊಳ್ಳಲು ಅವಕಾಶ ಮಾಡಿತು. ಅಂದರೆ ಇಲಾಖೆಯ ಹೊರಗಿನವರು ಮಂಡಳಿಯಲ್ಲಿ ಕೂರುವುದಕ್ಕೆ ಈಗ ಸೈದ್ಧಾಂತಿಕ ಅಡ್ಡಿ ಇಲ್ಲ. ಸಂಸತ್ತಿಗೆ ಉತ್ತರ ಹೇಳುವ ಸಚಿವನ ಕೈಕೆಳಗೆ ಉದ್ಯಮಿಯೊಬ್ಬರು ಕೂರಬಹುದಾದರೆ, 30 ವರ್ಷ ಹಳಿಯ ಮೇಲೆ ನಡೆದ ಅನುಭವ ಯಾಕೆ ಅರ್ಹತೆಯಾಗಬಾರದು ಎಂಬ ಪ್ರಶ್ನೆಗೆ ಹಳೆಯ ಉತ್ತರ ಸಾಲದು.

ಹೊಸ ಸಂಸ್ಥೆಗಳೂ ಕಟ್ಟಲ್ಪಡುತ್ತಿವೆ. ಬೆಂಗಳೂರಿನಿಂದ ದೇವನಹಳ್ಳಿಗೆ ಯೋಜಿಸಿರುವ ಉಪನಗರ ರೈಲಿನ ‘ಸಂಪಿಗೆ’ ಮಾರ್ಗದ ಹೊಣೆ ಇಲಾಖೆಯದಲ್ಲ. ರಾಜ್ಯ ಸರ್ಕಾರ ಮತ್ತು ರೈಲ್ವೆ ಸಚಿವಾಲಯ ಸೇರಿ ಮಾಡಿದ ಕೆ-ರೈಡ್ ಕಂಪನಿಯದು. ಕಂಪನಿ ಎಂದಮೇಲೆ ನಿರ್ದೇಶಕ ಮಂಡಳಿ ಇದೆ, ಕುರ್ಚಿಗಳಿವೆ. ಬ್ಯಾಂಕುಗಳಿಗೆ 1970ರಲ್ಲೇ ಹೊಂದಿದ ನಿಯಮ ಇಂಥ ರೈಲು ಕಂಪನಿಗೆ ಹೊಂದದಿರಲು ಇಲಾಖೆಯ ನೆಪವೂ ಇಲ್ಲ.

ಪೂನಾಚ, ಹನುಮಂತಯ್ಯ, ಟಿ.ಎ. ಪೈ, ಜಾಫರ್ ಷರೀಫ್, ಖರ್ಗೆ, ಸದಾನಂದ ಗೌಡ, ಹೀಗೆ ಕನ್ನಡ ನಾಡಿನ ಹಲವರು ರೈಲ್ವೆ ಸಚಿವರಾದರು. ಮಂಗಳೂರಿನಲ್ಲಿ ಹುಟ್ಟಿ ಬಿಹಾರದಿಂದ ಗೆದ್ದ ಫರ್ನಾಂಡಿಸ್ ಕೂಡ. ಹೊಸ ರೈಲು, ಹೊಸ ಮಾರ್ಗಕ್ಕಾಗಿ ನಾಡು ಅವರನ್ನು ನೆನೆಯುತ್ತದೆ. ಗೇಟಿನಲ್ಲಿ ಹನ್ನೆರಡು ಗಂಟೆ ಕೂರುವವನ ಪಾಳಿಯನ್ನು ನಿರ್ಧರಿಸುವಾಗ ಅವನ ಪರವಾಗಿ ಒಂದು ಮತ ಇರಬೇಕೆಂಬ ವಿಚಾರ ಮಾತ್ರ 1990ರ ಮಸೂದೆಯೊಂದಿಗೆ ನಿಂತಲ್ಲೇ ನಿಂತಿದೆ. ಸಂವಿಧಾನದ 43ಎ ವಿಧಿ ಪುಸ್ತಕದಲ್ಲಿ ಹಾಗೆಯೇ ಇದೆ. ಅದನ್ನು ಜಾರಿಗೆ ತರಲು ಇನ್ನೊಂದು 1974 ಬೇಕಾಗಬಾರದು.